ಕಪಾಟಿನ ಗೊಂಬೆಗಳು

ಮನೆಯನ್ನು ಕಟ್ಟಿದ ಮನುಷ್ಯ ಅದನ್ನು ಬರಿದಾಗಿ ಬಿಡಲಾರ. ನೆಲಕ್ಕೆ ಸಾರಣೆ, ಬಾಗಿಲಿಗೆ ತೋರಣ, ಹೊಸ್ತಿಲಿಗೆ ರಂಗೋಲಿ ಎಂದು ಅವನ ಕೈ ಏನಾದರೊಂದು ಚೆಲುವನ್ನು ಸೇರಿಸುತ್ತಲೇ ಇರುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಮನೆಗಳಲ್ಲಿ ದಪ್ಪ ಗೋಡೆಯೊಳಗೆ ಗೂಡುಗಳನ್ನು ಬಿಟ್ಟಿರುವುದನ್ನು ನೀವು ನೋಡಿರಬಹುದು. ದೀಪಕ್ಕೆಂದು ಬಿಟ್ಟ ಆ ಗೂಡಿನಲ್ಲಿ ದೀಪದ ಜೊತೆಗೆ ಒಂದು ಪುಟ್ಟ ಗಣಪತಿಯೋ ಬಣ್ಣದ ಗಿಳಿಯೋ ಬಂದು ಕುಳಿತುಕೊಳ್ಳುತ್ತಿತ್ತು. ಇಂದಿನ ಮನೆಗಳಲ್ಲಿ ಗೂಡಿನ ಸ್ಥಾನವನ್ನು ಗಾಜಿನ ಬಾಗಿಲಿನ ಕಪಾಟು ಪಡೆದುಕೊಂಡಿದೆ. ಅದರಲ್ಲಿ ದೇಶವಿದೇಶಗಳ ಗೊಂಬೆಗಳು ಸಾಲಾಗಿ ನಿಂತಿರುತ್ತವೆ. ಅವು ಎಲ್ಲಿಂದ ಬಂದವು, ಅವನ್ನು ಮಾಡಿದವರು ಯಾರು ಎಂದು ಕೇಳುವವರು ಮಾತ್ರ ವಿರಳ. ಅಂಥದೊಂದು ಪ್ರಶ್ನೆ ಒಮ್ಮೆ ನಮ್ಮ ಮನೆತನದಲ್ಲೇ ಎದ್ದಿತು.

ಲಕ್ಷ್ಮೇಶ್ವರದಲ್ಲಿ ನನ್ನ ಸೋದರಮಾವನ ಮನೆಯಿದೆ. ಅರಳೆಯ ವ್ಯಾಪಾರಕ್ಕಾಗಿ ಊರೂರು ತಿರುಗುತ್ತಿದ್ದ ಆತನಿಗೆ ಹಳೆಯ ವಸ್ತುಗಳೆಂದರೆ ಪ್ರಾಣ. ಒಮ್ಮೆ ದೂರದ ಮಹಾನಗರವೊಂದರ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಜೊತೆ ನಾಯಿಗಳ ಗೊಂಬೆಯನ್ನು ಕೊಂಡು ತಂದ. ಹಾಲಿನಂಥ ಬಿಳಿಯ ಮೈ, ಅದರ ಮೇಲೆ ಕೆಂಗಂದು ಮಚ್ಚೆಗಳು, ಜೋಲು ಕಿವಿ, ಕೊರಳಲ್ಲಿ ಬೀಗ ತೂಗುವ ಚಿನ್ನದ ಬಣ್ಣದ ಸರಪಳಿ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಮುಖ ಮಾಡಿ ಕುಳಿತಿದ್ದವು. ಅವುಗಳಿಗೆ ಆತ ತೆತ್ತ ಬೆಲೆ ಎರಡು ತಿಂಗಳ ಮನೆಖರ್ಚಿಗೆ ಸಾಲುವಷ್ಟು. ಬಂದವರನ್ನೆಲ್ಲ ಕಪಾಟಿನ ಮುಂದೆ ನಿಲ್ಲಿಸಿ, "ನೋಡರಿ, ಇವು ವಿಲಾಯತಿಯಿಂದ ಬಂದಾವು. ನೂರೈವತ್ತು ವರ್ಷದ ಹಿಂದಿನವು" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಅತ್ತೆ ಮಾತ್ರ ವರ್ಷದ ಲೆಕ್ಕಕ್ಕೆ ಹೋದವಳಲ್ಲ. "ಮುಖ ಚಲೋ ಅದಾವು, ಏನೋ ಕೇಳೂಹಂಗ ಕುಂತಾವು" ಎಂದಷ್ಟೇ ಹೇಳಿ, ವಾರಕ್ಕೊಮ್ಮೆ ಅವುಗಳ ಧೂಳನ್ನು ಒರೆಸಿಡುತ್ತಿದ್ದಳು.

ಆಗ ಮುಂಡರಗಿಯಲ್ಲಿ ಉಪಾಧ್ಯಾಯನಾಗಿದ್ದ ನನಗೆ ಆ ನಾಯಿಗಳ ಪೂರ್ವವೃತ್ತಾಂತವನ್ನು ತಿಳಿಯುವ ಕುತೂಹಲವಾಯಿತು. ಸಿಕ್ಕ ಪುಸ್ತಕಗಳನ್ನು ಓದುತ್ತ ಹೋದಂತೆ ಗೊಂಬೆಗಳ ಹಿಂದೆ ಒಂದು ದೊಡ್ಡ ಲೋಕವೇ ಕಾಣಿಸಿಕೊಂಡಿತು.

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಸ್ಟಾಫರ್ಡ್‌ಶೈರ್ ಎಂಬ ಪ್ರಾಂತವಿದೆ. ಅಲ್ಲಿನ ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು ಕುಂಬಾರಿಕೆಗೆ ಹೆಸರಾಗಿದ್ದವು. ೧೯೧೦ರಲ್ಲಿ ಈ ಆರೂ ಕೂಡಿ ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ಪಟ್ಟಣವಾಯಿತು. ಮಡಕೆಗೆ ಬೇಕಾದ ಜೇಡಿಮಣ್ಣು, ಆವಿಗೆಗೆ ಬೇಕಾದ ಕಲ್ಲಿದ್ದಲು ಎರಡೂ ಅಲ್ಲಿನ ನೆಲದಲ್ಲೇ ದೊರೆಯುತ್ತಿದ್ದವು. ೧೭೭೭ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆ ಪೂರ್ಣವಾದ ಮೇಲೆ, ದೂರದ ಬಿಳಿಯ ಮಣ್ಣು ದೋಣಿಗಳಲ್ಲಿ ಬರುವುದೂ ಸಿದ್ಧವಾದ ಪಾತ್ರೆಗಳು ಒಡೆಯದೆ ಬಂದರುಗಳಿಗೆ ತಲಪುವುದೂ ಸುಲಭವಾಯಿತು.

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ, ಎಂದರೆ ೧೮೩೭ರಿಂದ ೧೯೦೧ರವರೆಗೆ, ಈ ಊರುಗಳಲ್ಲಿ ಅಗ್ಗದ ಗೊಂಬೆಗಳು ಲೆಕ್ಕವಿಲ್ಲದಷ್ಟು ತಯಾರಾದವು. ಅವು ಅರಮನೆಗಳಿಗಾಗಿ ಮಾಡಿದವಲ್ಲ; ಬಡ ರೈತರ, ಕೂಲಿಕಾರರ ಮನೆಗಳಿಗಾಗಿ ಮಾಡಿದವು. ಆ ಚಳಿಯ ದೇಶದಲ್ಲಿ ಮನೆಯವರೆಲ್ಲ ಸೇರುವುದು ಬೆಂಕಿಯ ಗೂಡಿನ ಮುಂದೆ. ಅದರ ಮೇಲಿನ ಹಲಗೆಯೇ ಗೊಂಬೆಗಳ ಸಿಂಹಾಸನ. ಗೋಡೆಗೆ ಒತ್ತಿ ನಿಲ್ಲುವ ಗೊಂಬೆಯ ಬೆನ್ನು ಯಾರಿಗೂ ಕಾಣುವುದಿಲ್ಲವಾದ್ದರಿಂದ, ಅನೇಕ ಗೊಂಬೆಗಳ ಬೆನ್ನನ್ನು ಚಪ್ಪಟೆಯಾಗಿಯೇ ಬಿಟ್ಟು, ಬಣ್ಣವನ್ನೂ ಉಳಿಸುತ್ತಿದ್ದರು. ಹೀಗೆ ಬೆಲೆ ಇನ್ನಷ್ಟು ಇಳಿಯುತ್ತಿತ್ತು. ರಾಣಿ, ಸೇನಾಪತಿ, ಧರ್ಮೋಪದೇಶಕ, ಗಾಯಾಳುಗಳ ಸೇವೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್, ಇಟಲಿಯ ವೀರ ಗ್ಯಾರಿಬಾಲ್ಡಿ ಇವರೆಲ್ಲರೂ ಗೊಂಬೆಗಳಾಗಿ ಗುಡಿಸಲುಗಳನ್ನು ಹೊಕ್ಕರು. ಜೋಡಿ ನಾಯಿಗಳಂತೂ ಮನೆಮನೆಗೂ ಪ್ರಿಯವಾದವು.

ಈ ಗೊಂಬೆಗಳಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ್ದೂ ಒಂದಿದೆ. ೧೭೯೨ರ ಡಿಸೆಂಬರಿನಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಮನ್ರೋ ಎಂಬ ಆಂಗ್ಲ ತರುಣನನ್ನು ಹುಲಿಯೊಂದು ಕೊಂದಿತು. ಆತ ಹೈದರ್ ಅಲಿಯ ವಿರುದ್ಧ ಹೋರಾಡಿದ್ದ ಸೇನಾನಿ ಹೆಕ್ಟರ್ ಮನ್ರೋನ ಮಗ. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಆಂಗ್ಲ ಸಿಪಾಯಿಯ ಮೇಲೆರಗಿದ ಮರದ ಹುಲಿಯೊಂದಿತ್ತು. ಹಿಡಿಕೆಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಸಿಪಾಯಿಯ ನರಳಾಟವೂ ಕೇಳಿಬರುತ್ತಿದ್ದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದನ್ನು ಲಂಡನ್ನಿಗೆ ಒಯ್ದರು. ೧೮೦೮ರಿಂದ ಅಲ್ಲಿ ಅದು ಜನರ ನೋಟಕ್ಕೆ ದೊರೆಯಿತು. ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಕೆಲವೇ ವರ್ಷಗಳಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರು ಮನುಷ್ಯನ ತಲೆಯನ್ನು ಬಾಯಲ್ಲಿ ಹಿಡಿದ ಹುಲಿಯ ಗೊಂಬೆಯನ್ನು ಮಾಡಿ, ಅದರ ಮೇಲೆ 'ಮನ್ರೋನ ಮರಣ' ಎಂದು ಬರೆದು ಮಾರಿದರು. ನಮ್ಮಲ್ಲಿ ವಿರೋಧದ ಸಂಕೇತವಾಗಿದ್ದ ಹುಲಿ, ಅಲ್ಲಿ ಮನೆಯಲಂಕಾರದ ವಸ್ತುವಾಯಿತು!

ಗೊಂಬೆಗಳನ್ನು ಮಾಡುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಗಣೇಶನ ಮೂರ್ತಿಯನ್ನು ಅಚ್ಚಿನಲ್ಲಿ ಮಾಡುವುದನ್ನು ನೀವು ನೋಡಿದ್ದೀರಿ. ಅಲ್ಲಿಯೂ ಹಾಗೆಯೇ. ಮಣ್ಣನ್ನು ರೊಟ್ಟಿಯಂತೆ ತಟ್ಟಿ, ಮುಂಭಾಗ ಹಿಂಭಾಗಗಳ ಎರಡು ಅಚ್ಚುಗಳಲ್ಲಿ ಬೆರಳಿನಿಂದ ಒತ್ತಿ, ಎರಡನ್ನೂ ಕೂಡಿಸಿ ಬೆಸೆಯುತ್ತಿದ್ದರು. ಒಣಗಿದ ಮೇಲೆ ಆವಿಗೆಯಲ್ಲಿ ಸುಟ್ಟು, ಹೊಳಪಿನ ಲೇಪದಲ್ಲಿ ಅದ್ದಿ, ಬಣ್ಣ ಬರೆದು, ಮತ್ತೆ ಸುಡುತ್ತಿದ್ದರು. ಸುಡುವಾಗ ಒಳಗಿನ ಬಿಸಿಗಾಳಿ ಹೊರಹೋಗದಿದ್ದರೆ ಗೊಂಬೆ ಸಿಡಿದುಹೋಗುತ್ತದೆ. ಅದಕ್ಕಾಗಿ ಸಣ್ಣದೊಂದು ರಂಧ್ರವನ್ನು ಬಿಡುತ್ತಿದ್ದರು. ಈ ರಂಧ್ರವನ್ನು ನೆನಪಿನಲ್ಲಿಡಿ. ಮುಂದೆ ನಮಗೆ ಇದು ಬೇಕಾಗುತ್ತದೆ.

ಇಷ್ಟೆಲ್ಲ ಕೆಲಸ ಮಾಡಿಯೂ ಗೊಂಬೆ ಅಷ್ಟು ಅಗ್ಗವಾಗಿ ದೊರೆಯುತ್ತಿದ್ದುದು ಹೇಗೆ? ಇದರ ಉತ್ತರ ಮನಸ್ಸನ್ನು ಕಲಕುತ್ತದೆ. ಅಲ್ಲಿ ದುಡಿಯುತ್ತಿದ್ದವರಲ್ಲಿ ನಿಮ್ಮ ವಯಸ್ಸಿನವರೂ ನಿಮಗಿಂತ ಕಿರಿಯರೂ ಬಹಳ ಮಂದಿ ಇದ್ದರು. ಟನ್‌ಸ್ಟಾಲಿನ ಚಾರ್ಲ್ಸ್ ಷಾ ಎಂಬ ಬಾಲಕ ಏಳನೆಯ ವಯಸ್ಸಿಗೇ ಕೆಲಸಕ್ಕೆ ಸೇರಿದ. ಮಾಡಿದ ತಟ್ಟೆಗಳನ್ನು ಅಚ್ಚುಸಹಿತ ಎತ್ತಿಕೊಂಡು, ಒಲೆಯ ಕಾವಿನಿಂದ ಕುದಿಯುವ ಒಣಗುಕೋಣೆಗೆ ಓಡಿ ಇಟ್ಟು ಬರುವುದೇ ಅವನ ಕೆಲಸ. ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದರೆ ವಾರಕ್ಕೆ ಒಂದು ಷಿಲಿಂಗ್ ಕೂಲಿ. ಆಮೇಲೆ ಅವನು ಗೊಂಬೆಗಳ ಕಾರ್ಖಾನೆಯೊಂದರಲ್ಲಿ ನೆಪೋಲಿಯನ್ನನ ಗೊಂಬೆಗಳನ್ನು ಮಾಡುತ್ತಿದ್ದ. ಮುಪ್ಪಿನಲ್ಲಿ ಅವನು ಬರೆದ ಬಾಲ್ಯದ ನೆನಪುಗಳು ೧೯೦೩ರಲ್ಲಿ ಪುಸ್ತಕವಾಗಿ ಹೊರಬಂದವು. ಮಕ್ಕಳ ದುಡಿಮೆಯನ್ನು ಕುರಿತು ವಿಚಾರಿಸಲು ಸರ್ಕಾರ ನೇಮಿಸಿದ ಆಯೋಗ ೧೮೪೦ರ ದಶಕದ ಮೊದಲಿನಲ್ಲೇ ಈ ಊರುಗಳ ಮಕ್ಕಳ ಹೇಳಿಕೆಗಳನ್ನು ಬರೆದುಕೊಂಡಿತ್ತು. ಆದರೂ ಕಾರ್ಖಾನೆಯ ಕಾನೂನು ಕುಂಬಾರಿಕೆಗೆ ಅನ್ವಯಿಸಲು ೧೮೬೪ನೆಯ ವರ್ಷ ಬರಬೇಕಾಯಿತು. ಹೊಳಪಿನ ಲೇಪದಲ್ಲಿ ಸೀಸ ಬೆರೆತಿರುತ್ತಿತ್ತು. ದಿನವೂ ಅದರಲ್ಲಿ ಕೈಯದ್ದುವವರ ಮೈಗೆ ಆ ವಿಷ ಮೆಲ್ಲಮೆಲ್ಲನೆ ಏರುತ್ತಿತ್ತು. ನೋಡುವವರ ಕಣ್ಣಿಗೆ ತಂಪಾದ ಆ ಹೊಳಪು, ಮಾಡುವವರ ಪಾಲಿಗೆ ರೋಗವಾಗಿತ್ತು.

ಕಾಲ ಬದಲಾಯಿತು. ಕೆಲವೇ ಪೆನ್ನಿಗಳಿಗೆ ಕೊಂಡ ಗೊಂಬೆಗಳನ್ನು ಸಿರಿವಂತರು ಹುಡುಕಿಕೊಂಡು ಬಂದು ಕೊಳ್ಳತೊಡಗಿದರು. ಬೇಡಿಕೆ ಹೆಚ್ಚಿದಲ್ಲಿ ನಕಲು ಹುಟ್ಟುವುದು ಸಹಜ. ಬರ್ಸ್ಲೆಮ್ ಊರಿನ ವಿಲಿಯಂ ಕೆಂಟ್ ಎಂಬ ಕಾರ್ಖಾನೆ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹಳೆಯ ಮಾದರಿಗಳ ಗೊಂಬೆಗಳನ್ನು ಮಾಡುತ್ತಿತ್ತು. ಆಮೇಲೆ ಬೇರೆ ದೇಶಗಳಲ್ಲಿಯೂ ಅವುಗಳ ಪ್ರತಿರೂಪಗಳು ತಯಾರಾದವು. ಮನೆಯ ಅಂದಕ್ಕಾಗಿ ಇಂಥ ಪ್ರತಿರೂಪಗಳನ್ನೇ ಬಯಸಿ ಸಂಗ್ರಹಿಸುವವರೂ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಹಳೆಯದು ಯಾವುದು, ಪ್ರತಿರೂಪ ಯಾವುದು ಎಂದು ತಿಳಿಯುವ ಬಗೆ ಹೇಗೆ? ಮೊದಲನೆಯದು ರಂಧ್ರದ ಪರೀಕ್ಷೆ. ಹೊಸ ವಿಧಾನದಲ್ಲಿ ಮಣ್ಣನ್ನು ಅಚ್ಚಿನಲ್ಲಿ ಒತ್ತುವುದಿಲ್ಲ. ಹಿಟ್ಟಿನಂತೆ ನೀರಾಗಿ ಕಲಸಿ ಸುರಿಯುತ್ತಾರೆ. ಅಚ್ಚು ನೀರನ್ನು ಹೀರಿಕೊಂಡಾಗ ಒಳಗೋಡೆಗೆ ಮಣ್ಣಿನ ಪದರ ಹತ್ತುತ್ತದೆ. ಮಿಕ್ಕದ್ದನ್ನು ಹೊರಗೆ ಸುರಿಯುತ್ತಾರೆ. ಹೀಗೆ ಸುರಿಯಲು ಬಿಟ್ಟ ರಂಧ್ರ ಬೆರಳು ತೂರುವಷ್ಟು ದೊಡ್ಡದಾಗಿರುತ್ತದೆ. ಒತ್ತಿ ಮಾಡಿದ ಹಳೆಯ ಗೊಂಬೆಯಲ್ಲಿ ಇರುವುದು ಸಾಮಾನ್ಯವಾಗಿ ಕಡ್ಡಿ ತೂರುವಷ್ಟು ಸಣ್ಣ ರಂಧ್ರ. ಎರಡನೆಯದು ಲೇಪದ ಬಿರುಕು. ಮೈಯ ಮಣ್ಣೂ ಮೇಲಿನ ಲೇಪವೂ ಒಂದೇ ಸಮನಾಗಿ ಕುಗ್ಗದ ಕಾರಣ, ವರ್ಷಗಳು ಕಳೆದಂತೆ ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳು ಅಲ್ಲಲ್ಲಿ ಮೂಡುತ್ತವೆ. ಹಳೆಯದೆಂದು ತೋರಿಸಲು ಮಾಡಿದ ಗೊಂಬೆಯಲ್ಲಿ ಬಿರುಕು ಬಲೆ ಹಾಸಿದಂತೆ ಮೈತುಂಬ ಒಂದೇ ಬಗೆಯಾಗಿದ್ದು, ಕಂದು ಬಣ್ಣ ತುಂಬಿಕೊಂಡಿರುತ್ತದೆ. ಮೂರನೆಯದು ಚಿನ್ನದ ಗೆರೆ. ಹಳೆಯ ಚಿನ್ನ ಮಂದವಾಗಿದ್ದು, ಕೈ ತಾಗಿದೆಡೆ ಸವೆದಿರುತ್ತದೆ. ಹೊಸ ಚಿನ್ನ ಕಣ್ಣಿಗೆ ಹೊಡೆಯುವಂತೆ ಮಿಂಚುತ್ತದೆ. ಇವುಗಳಲ್ಲಿ ಒಂದೇ ಲಕ್ಷಣವನ್ನು ನಂಬಿ ತೀರ್ಮಾನಿಸುವುದು ಜಾಣತನವಲ್ಲ. ಎಲ್ಲವನ್ನೂ ಕೂಡಿಸಿ ನೋಡಬೇಕು.

ರಜೆಯಲ್ಲಿ ಲಕ್ಷ್ಮೇಶ್ವರಕ್ಕೆ ಹೋದಾಗ ಈ ಸಂಗತಿಗಳನ್ನು ಮಾವನಿಗೆ ತಿಳಿಸಿದೆ. ಆತ ಕಪಾಟಿನ ಬೀಗ ತೆಗೆದು, ನಾಯಿಗಳನ್ನು ಜಗಲಿಯ ಬೆಳಕಿಗೆ ತಂದು, ಒಂದನ್ನು ಮೆಲ್ಲನೆ ತಿರುವಿದ. ಅಡಿಯಲ್ಲಿ ದುಂಡನೆಯ ದೊಡ್ಡ ರಂಧ್ರ. ಆತನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಬಿರುಕುಗಳನ್ನು ನೋಡಿದ, ಮೈತುಂಬ ಒಂದೇ ಬಲೆ. ಸರಪಳಿಯ ಚಿನ್ನವನ್ನು ನೋಡಿದ. ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಬಹಳ ಹೊತ್ತು ಆತ ಮಾತಾಡಲಿಲ್ಲ. ಕೊನೆಗೆ, "ಅಂವ ಹೇಳಿದ್ದು ಸುಳ್ಳು. ನಾ ಹೇಳಿದ್ದೂ ಸುಳ್ಳಾತು" ಎಂದ. ಕಳೆದುಹೋದ ಹಣಕ್ಕಿಂತ, ತಾನು ಅರಿಯದೆ ಹತ್ತು ಜನರಿಗೆ ಹೇಳಿದ ಸುಳ್ಳು ಆತನನ್ನು ಹೆಚ್ಚು ಕಾಡುತ್ತಿತ್ತು.

ಪರೀಕ್ಷೆಯ ಗಳಿಗೆ ಮರುದಿನವೇ ಬಂದಿತು. ಗದಗಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಪರಿಚಿತರೊಬ್ಬರು ನಾಯಿಗಳ ಸುದ್ದಿ ಕೇಳಿ ಬಂದಿದ್ದರು. ಕಪಾಟಿನ ಮುಂದೆ ನಿಂತು ಅವುಗಳ ಅಂದವನ್ನು ಬಾಯಿತುಂಬ ಹೊಗಳಿದರು. ಬಳಿಕ, "ನಿಮಗ ಬಿದ್ದಿದ್ದರ ಎರಡರಷ್ಟು ಕೊಡತೇನಿ, ಇವನ್ನ ನನಗ ಬಿಡರಿ" ಎಂದರು. ನಾನು ಮಾವನ ಮುಖವನ್ನು ನೋಡಿದೆ. ಆತ ಸುಮ್ಮನಿದ್ದರೆ ಸಾಕಿತ್ತು; ಕಳೆದ ಹಣ ಎರಡರಷ್ಟಾಗಿ ಮರಳುತ್ತಿತ್ತು. ಬಂದವರು ವಯಸ್ಸಿನ ಮಾತನ್ನು ಕೇಳಿಯೂ ಇರಲಿಲ್ಲ. ಮಾವ ಒಂದು ನಾಯಿಯನ್ನು ಎತ್ತಿ, ಬುಡಮೇಲು ಮಾಡಿ ತೋರಿಸಿ, "ಇವು ಹಳೇವು ಅಲ್ಲರಿ. ಹಳೇದರ ಹಂಗ ಮಾಡಿದವು. ನನಗೂ ನಿನ್ನೆನ ತಿಳೀತು" ಎಂದ. ಬಂದವರ ಮುಖ ಬಾಡಿತು. ಚಹಾ ಕುಡಿದು, ಬೇರೆ ಮಾತಾಡಿ, ಎದ್ದು ಹೋದರು.

ಅಂದಿನಿಂದ ನಾನು ಈ ಘಟನೆಯನ್ನು ಹಲವು ಸಲ ಯೋಚಿಸಿದ್ದೇನೆ. ಒಂದು ನಿಮಿಷದ ಹಿಂದೆ ಚೆಲುವಾಗಿದ್ದ ನಾಯಿಗಳು ಇನ್ನೊಂದು ನಿಮಿಷದಲ್ಲಿ ಕುರೂಪವಾದವೇ? ಅದೇ ಮೈ, ಅದೇ ಮಚ್ಚೆ, ಅದೇ ಕಣ್ಣು. ಬಂದವರು ಕೊಳ್ಳಬಯಸಿದ್ದು ಗೊಂಬೆಯನ್ನಲ್ಲ, ಅದರ ವಯಸ್ಸನ್ನು. ವಯಸ್ಸಿನ ಮೂಲಕ ನಾಲ್ಕು ಜನರ ಮೆಚ್ಚುಗೆಯನ್ನು. ಅತ್ತೆಯ ಪಾಲಿಗೆ ಅವು ಕಳೆದುಕೊಂಡದ್ದು ಏನೂ ಇರಲಿಲ್ಲ. ಆ ವಾರವೂ ಆಕೆ ಎಂದಿನಂತೆ ಧೂಳನ್ನು ಒರೆಸಿದಳು.

ಆದರೆ ವಯಸ್ಸಿಗೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಕಲಾಕೃತಿ ಮೊದಲಾದವುಗಳನ್ನು ಪ್ರಾಚೀನ ವಸ್ತುಗಳೆಂದು ಗುರುತಿಸಿ, ಅವುಗಳ ರಕ್ಷಣೆಗಾಗಿ ೧೯೭೨ರಲ್ಲಿ ಕಾನೂನನ್ನು ಮಾಡಲಾಗಿದೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಕಲ್ಲನ್ನು ಮುಟ್ಟಿದಾಗ ನೂರಾರು ವರ್ಷಗಳ ಹಿಂದಿನ ಉಳಿಯ ಏಟನ್ನೇ ನಾವು ಮುಟ್ಟುತ್ತೇವೆ. ಹಳೆಯ ಗೊಂಬೆಯೂ ಹಾಗೆಯೇ ಒಂದು ಸಾಕ್ಷಿ. ಅದರ ಒಳಮೈಯಲ್ಲಿ ಒಬ್ಬ ಬಾಲಕನ ಬೆರಳಿನ ಗುರುತು ಇರಬಹುದು. ಪ್ರತಿರೂಪವನ್ನು ಹಳೆಯದೆಂದು ಮಾರುವವನು ಕೊಳ್ಳುವವನ ಹಣವನ್ನಷ್ಟೇ ಕದಿಯುವುದಿಲ್ಲ. ಆ ಸಾಕ್ಷಿಯ ಜಾಗದಲ್ಲಿ ಕಳ್ಳಸಾಕ್ಷಿಯನ್ನು ನಿಲ್ಲಿಸುತ್ತಾನೆ. ಪ್ರತಿರೂಪವನ್ನು ಪ್ರತಿರೂಪವೆಂದೇ ಹೇಳಿ ಮಾರುವವನಾದರೋ ಮರ್ಯಾದಸ್ಥ ಕಸಬುದಾರ. ಇವರಿಬ್ಬರ ಕೈಯಲ್ಲಿರುವ ಗೊಂಬೆ ಒಂದೇ ಆಗಿರಬಹುದು, ವ್ಯತ್ಯಾಸವಿರುವುದು ನಾಲಿಗೆಯಲ್ಲಿ.

ಅದೇ ವರ್ಷ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಶಿರಹಟ್ಟಿಯ ಕಡೆಯಿಂದ ಕುಂಬಾರ ಮುದುಕಿಯೊಬ್ಬಳು ಬುಟ್ಟಿಯ ತುಂಬ ಮಣ್ಣೆತ್ತುಗಳನ್ನು ಹೊತ್ತು ತಂದಳು. ಒಂದು ಜೊತೆ ಎತ್ತು, ಮುಂದೆ ಒಂದು ಗೋದಲಿ. ಸುಡದ ಹಸಿಮಣ್ಣು, ಮೇಲೆ ಸುಣ್ಣದ ಬೊಟ್ಟುಗಳು. ಮಾವ ಅಭ್ಯಾಸಬಲದಿಂದ, "ಇವು ಯಾವಾಗಿನವಬೇ?" ಎಂದು ಕೇಳಿದ. ಮುದುಕಿ ನಕ್ಕು, "ನಿನ್ನೆ ಮಾಡಿದವು ನೋಡಪಾ. ಹೋದ ವರ್ಷದ್ದು ಹೋದ ವರ್ಷಕ್ಕ. ಈ ವರ್ಷದ್ದು ಈ ವರ್ಷ ಮಾಡಬೇಕು" ಎಂದಳು.

ಎಷ್ಟು ಸರಳವಾದ ಮಾತು! ನಮ್ಮ ಕಡೆ ಮಣ್ಣೆತ್ತು, ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪತಿ, ಭಾದ್ರಪದದ ಜೋಕುಮಾರ ಎಂದು ಮಳೆಗಾಲದುದ್ದಕ್ಕೂ ಮಣ್ಣು ಮೂರ್ತಿಯಾಗುತ್ತದೆ. ಪೂಜೆ ಮುಗಿದ ಮೇಲೆ ಮತ್ತೆ ಮಣ್ಣಾಗುತ್ತದೆ. ಪ್ರತಿಯೊಂದೂ ಹಿಂದಿನ ವರ್ಷದ್ದರ ಪ್ರತಿರೂಪವೇ. ಆದರೆ ಯಾವುದೂ ಸುಳ್ಳಲ್ಲ. ಏಕೆಂದರೆ ಯಾವುದೂ ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಮುಂಡರಗಿಗೆ ನೆರೆಯಾದ ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಗೊಂಬೆಗಳನ್ನು ಮಾಡುತ್ತಾರೆ. ತಂದೆ ಮಾಡಿದ ರೂಪವನ್ನೇ ಮಗ ಮಾಡುತ್ತಾನೆ. ಅದನ್ನು ನಕಲೆಂದು ಯಾರೂ ಕರೆಯುವುದಿಲ್ಲ, ಪರಂಪರೆಯೆಂದು ಕರೆಯುತ್ತೇವೆ.

ನೀವೂ ಮುಂದೆ ನಿಮ್ಮ ಮನೆಯನ್ನು ಗೊಂಬೆಗಳಿಂದ ಅಲಂಕರಿಸಬಹುದು. ವಿಲಾಯತಿಯ ಪ್ರತಿರೂಪವಾಗಲಿ, ಊರ ಕುಂಬಾರನ ಎತ್ತಾಗಲಿ, ನಿಮಗೆ ಮೆಚ್ಚಿಗೆಯಾದುದನ್ನು ಕೊಳ್ಳಿರಿ. ಆದರೆ ಕೊಳ್ಳುವ ಮುನ್ನ ಅದನ್ನು ಒಮ್ಮೆ ತಿರುವಿ ನೋಡಿರಿ. ಇದು ಯಾವ ಮಣ್ಣು, ಯಾರ ಕೈ, ಯಾವ ಕಾಲ ಎಂದು ಕೇಳಿರಿ. ತಿಳಿದುದನ್ನು ಚೀಟಿಯಲ್ಲಿ ಬರೆದು ಅದರ ಅಡಿಗೆ ಅಂಟಿಸಿರಿ. ಹೀಗೆ ಮಾಡಿದಾಗ ಕಪಾಟು ಬರಿಯ ಆಡಂಬರದ ತಾಣವಾಗದೆ ಅರಿವಿನ ತಾಣವಾಗುತ್ತದೆ.

ಮಾವನ ಕಪಾಟಿನಲ್ಲಿ ಆ ನಾಯಿಗಳು ಈಗಲೂ ಕುಳಿತಿವೆ. ಅವುಗಳ ಅಡಿಯಲ್ಲಿ, "ಹಳೆಯ ಇಂಗ್ಲಿಷ್ ಗೊಂಬೆಯಂತೆ ಹೊಸದಾಗಿ ಮಾಡಿದ್ದು" ಎಂದು ಆತನ ಕೈಬರಹದ ಚೀಟಿಯಿದೆ. ಅವುಗಳ ನಡುವೆ ವರ್ಷವರ್ಷವೂ ಹೊಸದಾದ ಒಂದು ಜೊತೆ ಮಣ್ಣೆತ್ತು ಅಮಾವಾಸ್ಯೆಯ ದಿನ ಬಂದು ನಿಲ್ಲುತ್ತದೆ. ಬಂದವರನ್ನು ಮಾವ ಇಂದಿಗೂ ಕಪಾಟಿನ ಮುಂದೆ ನಿಲ್ಲಿಸುತ್ತಾನೆ. ಮೊದಲು ತೋರಿಸುವುದು ಮಾತ್ರ ಚೀಟಿಯನ್ನು.

ಶಬ್ದಾರ್ಥ

ಸಾರಣೆ – ಸೆಗಣಿಯಿಂದ ನೆಲ ಬಳಿಯುವುದು. ಆವಿಗೆ – ಕುಂಬಾರನ ಭಟ್ಟಿ. ಪೂರ್ವವೃತ್ತಾಂತ – ಹಿಂದಿನ ಕಥೆ. ಪ್ರತಿರೂಪ – ಒಂದರಂತೆ ಮಾಡಿದ ಇನ್ನೊಂದು. ಗೋದಲಿ – ದನಗಳಿಗೆ ಮೇವು ಹಾಕುವ ತೊಟ್ಟಿ. ವಿಲಾಯತಿ – ಇಂಗ್ಲೆಂಡ್

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಸ್ಟಾಫರ್ಡ್‌ಶೈರಿನ ಅನೇಕ ಗೊಂಬೆಗಳ ಬೆನ್ನನ್ನು ಚಪ್ಪಟೆಯಾಗಿ ಬಿಡುತ್ತಿದ್ದುದೇಕೆ?
೨. ಚಾರ್ಲ್ಸ್ ಷಾ ಬಾಲ್ಯದಲ್ಲಿ ಮಾಡುತ್ತಿದ್ದ ಕೆಲಸ ಯಾವುದು?
೩. ಅತ್ತೆ ನಾಯಿಗಳನ್ನು ಮೆಚ್ಚಿದ್ದು ಯಾವ ಕಾರಣಕ್ಕಾಗಿ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಹಳೆಯ ಗೊಂಬೆಯನ್ನೂ ಪ್ರತಿರೂಪವನ್ನೂ ಗುರುತಿಸುವ ಬಗೆಯನ್ನು ವಿವರಿಸಿರಿ.
೨. ಮಣ್ಣೆತ್ತುಗಳು ಪ್ರತಿರೂಪಗಳಾದರೂ ಸುಳ್ಳಲ್ಲವೆಂದು ಲೇಖಕರು ಹೇಳಲು ಕಾರಣವೇನು?

ಇ. ಸಂದರ್ಭ ತಿಳಿಸಿ ಸ್ವಾರಸ್ಯವನ್ನು ವಿವರಿಸಿರಿ.
೧. "ಅಂವ ಹೇಳಿದ್ದು ಸುಳ್ಳು. ನಾ ಹೇಳಿದ್ದೂ ಸುಳ್ಳಾತು."
೨. "ಹೋದ ವರ್ಷದ್ದು ಹೋದ ವರ್ಷಕ್ಕ."

ಈ. ನಿಮ್ಮ ಮನೆಯಲ್ಲಿರುವ ಒಂದು ಗೊಂಬೆಯನ್ನು ಪರೀಕ್ಷಿಸಿ, ಅದನ್ನು ಯಾವುದರಿಂದ, ಹೇಗೆ ಮಾಡಿದ್ದಾರೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.